ಮಾಲ್ಬೆಕ್ ದ್ರಾಕ್ಷಿಯ ಗುಣವೂ ನಮ್ಮ ಸೀಮೆಯ ಹವೆಯೂ

ಎನ್. ಬೇಗೂರಿನ ಕಡೆಯ ಕೆಲವರು ಜಮೀನುದಾರರು, ಹತ್ತಿಯ ಹೊಲದಲ್ಲಿ ಕೆಂಪು ವೈನಿನ ದ್ರಾಕ್ಷಿಯನ್ನು, ಅದರಲ್ಲಿಯೂ ಹೆಸರಾದ ಮಾಲ್ಬೆಕ್ ತಳಿಯನ್ನು, ಬೆಳೆಯಬಹುದೇ ಎಂದು ವಿಚಾರಿಸುತ್ತಿರುವರು. ಹಣವನ್ನು ತೊಡಗಿಸುವುದಕ್ಕೆ ಮೊದಲು ಆ ತಳಿಯ ಗುಣವನ್ನೂ ಅದರ ಕಾರಣವನ್ನೂ ತಿಳಿಯತಕ್ಕದ್ದು.

ಮಾಲ್ಬೆಕ್ ವೈನು ಮಾಗಿದ ನೇರಳೆಹಣ್ಣಿನಂತೆ ಕಡುಬಣ್ಣವುಳ್ಳದ್ದು. ಹಣ್ಣಿನ ತುಂಬುವಾಸನೆ, ಮೃದುವಾದ ಒಗರು, ಮಿತವಾದ ಹುಳಿ, ಇವುಗಳಿಂದ ಅದು ಜನಪ್ರಿಯವಾಗಿದೆ. ಬಣ್ಣವು ಸಿಪ್ಪೆಯಿಂದ ಬರತಕ್ಕದ್ದು. ಆದುದರಿಂದ ರಸವನ್ನು ಸಿಪ್ಪೆಯೊಡನೆಯೇ ಹುದುಗಿಸುವರು. ಸಿಪ್ಪೆಯು ಚೆನ್ನಾಗಿ ಬಲಿಯಬೇಕಾದರೆ ಹಗಲು ತೀಕ್ಷ್ಣವಾದ ಬಿಸಿಲೂ ರಾತ್ರಿ ಚಳಿಯೂ ಬೇಕು.

ಈ ತಳಿಯ ತವರು ಫ್ರಾನ್ಸ್ ದೇಶದ ಕಾಹೋರ್ ಪ್ರಾಂತ. 1853ರಲ್ಲಿ ಅರ್ಜೆಂಟೀನಾದ ಮೆಂಡೋಝಾದಲ್ಲಿ ಸರ್ಕಾರದ ಕೃಷಿ ಪಾಠಶಾಲೆಯು ಏರ್ಪಟ್ಟಾಗ, ಮಿಷೆಲ್ ಪೂಝೆ ಎಂಬ ಫ್ರೆಂಚ್ ಕೃಷಿತಜ್ಞರು ಇದನ್ನು ಅಲ್ಲಿಗೆ ತಂದರು. ಅಲ್ಲಿ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ ಮಾತ್ರ. ಆಂಡೀಸ್ ಪರ್ವತದ ಹಿಮ ಕರಗಿದ ನೀರನ್ನು ಕಾಲುವೆಗಳಿಂದ ಹಾಯಿಸುವರು. ಆ ಒಣಹವೆಯಲ್ಲಿ ಬಳ್ಳಿಯು ಹುಲುಸಾಗಿ ಬಂದಿತು. ತೇವದಲ್ಲಿಯಾದರೋ ಇದರ ಹೂ ಉದುರುವುದು, ಬೂಜು ತುಪ್ಪಟ ರೋಗವೂ ಕೊಳೆಯೂ ತಗಲುವುವು.

ನಮ್ಮಲ್ಲಿ ದ್ರಾಕ್ಷಿಯನ್ನು ಏಪ್ರಿಲ್‌ನಲ್ಲಿ ಕಡ್ಡಿಗಾಗಿಯೂ ಅಕ್ಟೋಬರ್‌ನಲ್ಲಿ ಹಣ್ಣಿಗಾಗಿಯೂ ಸವರುವ ಪದ್ಧತಿಯುಂಟು. ಹಿಂಗಾರು ಮಳೆಯು ಎಳೆಚಿಗುರಿನ ಮೇಲೆಯೇ ಬೀಳುವುದರಿಂದ ಔಷಧಿಯ ಖರ್ಚು ತಪ್ಪದು. ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದ ಡಾ. ಕೋಲ್ಮನ್ನರು ಬಳಕೆಗೆ ತಂದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವು ಮೊದಲು 1885ರಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಂದಲೇ ಪ್ರಸಿದ್ಧಿಗೆ ಬಂದುದು ಇಲ್ಲಿ ಸ್ಮರಣೀಯ.

ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಸಂಸ್ಥೆಯವರು ಫ್ರೆಂಚ್ ತಳಿಗಳನ್ನು ಬೆಳೆದು ವೈನು ತಯಾರಿಸಿರುವರು. ಅವರಿಗೆ ಸ್ವಂತ ಕಾರ್ಖಾನೆಯುಂಟೆಂಬುದನ್ನು ಮರೆಯಬಾರದು. ಮಾಲ್ಬೆಕ್ ಹಣ್ಣು ಸಣ್ಣದು, ಬೀಜವುಳ್ಳದ್ದು. ಕಾರ್ಖಾನೆಯವರು ಕೊಳ್ಳದಿದ್ದರೆ ಸಂತೆಯಲ್ಲಿ ಬೆಲೆ ಸಿಕ್ಕುವುದು ಕಷ್ಟ. 2013ರಲ್ಲಿ ಭೌಗೋಳಿಕ ಸೂಚಿಕೆಯನ್ನು ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯಾದರೋ ತಿನ್ನುವುದಕ್ಕೂ ರಸಕ್ಕೂ ವೈನಿಗೂ ಸಲ್ಲುವುದು.

ಆದುದರಿಂದ ಆಸಕ್ತರು ಈ ಕ್ರಮವನ್ನು ಅನುಸರಿಸುವುದು ಒಳ್ಳೆಯದು:

1. ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸತಕ್ಕದ್ದು. ನೀರು ನಿಲ್ಲುವ ಭೂಮಿಯು ಸಲ್ಲದು.

2. ಕೊಳ್ಳುವವರಿಂದ ಮೊದಲೇ ಲಿಖಿತ ಕರಾರನ್ನು ಪಡೆಯತಕ್ಕದ್ದು.

3. ಡಾಗ್‌ರಿಡ್ಜ್ ಬೇರುಸಸಿಗೆ ಕಸಿ ಮಾಡಿದ ಕೆಲವೇ ಸಾಲುಗಳನ್ನು ನೆಟ್ಟು, ಎರಡು ಫಸಲನ್ನು ನೋಡತಕ್ಕದ್ದು.

ಅಲ್ಲಿಯವರೆಗೆ ಹತ್ತಿಯ ಹೊಲವು ಹಾಗೆಯೇ ಇರಲಿ. ಗ್ರಾಮದ ಮುಖಂಡರು ಈ ವಿಷಯವನ್ನು ರೈತರಿಗೆ ತಿಳಿಯಹೇಳಬೇಕಾಗಿ ಕೋರಲಾಗಿದೆ.