ಬಲಗಡೆಯ ಆಸನ

ಹಿಂದೆ ನಮ್ಮ ಹಳ್ಳಿಗಳ ಕುಲುಮೆಯಲ್ಲಿ ತಿದಿಯೊತ್ತುವ ಹುಡುಗನೊಬ್ಬನಿರುತ್ತಿದ್ದನು. ಸುತ್ತಿಗೆ ಅವನ ಕೈಗೆ ಬರಲು ವರ್ಷಗಳೇ ಬೇಕಾಗುತ್ತಿದ್ದವು. ಆದರೆ ಕಬ್ಬಿಣವು ಯಾವ ಬಣ್ಣಕ್ಕೆ ತಿರುಗಿದಾಗ ಕಮ್ಮಾರನು ಅದನ್ನು ಬೆಂಕಿಯಿಂದ ಹೊರತೆಗೆಯುತ್ತಾನೆಂಬುದನ್ನು ಅವನು ದಿನವೂ ಕಣ್ಣಾರೆ ಕಾಣುತ್ತಿದ್ದನು. ವಿಮಾನಚಾಲನೆಯಂತಹ ಹೊಸ ಕಾಲದ ವಿದ್ಯೆಯಲ್ಲಿಯೂ ಇಂತಹ ಹುಡುಗರಿದ್ದಾರೆಂದರೆ ನಿಮಗೆ ಆಶ್ಚರ್ಯವಾದೀತು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಊರಿಂದೂರಿಗೆ ಸರಕು ಸಾಗಿಸುವ ಪುಟ್ಟ ವಿಮಾನಗಳಿವೆ. ಒಂದು ಕಾಲಕ್ಕೆ ಇವುಗಳಲ್ಲಿ ಅನೇಕವು ರಾತ್ರಿಯೆಲ್ಲ ಬ್ಯಾಂಕುಗಳ ಚೆಕ್ಕಿನ ಚೀಲಗಳನ್ನು ಹೊತ್ತು ತಿರುಗುತ್ತಿದ್ದವು. 2004ರಲ್ಲಿ ಜಾರಿಗೆ ಬಂದ ಕಾನೂನಿನಿಂದ ಚೆಕ್ಕಿನ ಬದಲು ಅದರ ಪ್ರತಿರೂಪವೇ ಸಾಕೆಂದಾಯಿತು. ಚೀಲಗಳು ಕರಗಿದವು, ಪಾರ್ಸೆಲುಗಳು ಉಳಿದವು. ಒಂದೇ ಎಂಜಿನ್ನಿನ ಸೆಸ್ನಾ ಕ್ಯಾರವಾನ್ ಇಂತಹ ಕೆಲಸಕ್ಕೆ ಹೆಸರಾದ ವಿಮಾನ. ಸರಕು ಹೊತ್ತಾಗ ಅದನ್ನು ಸಾಮಾನ್ಯವಾಗಿ ಒಬ್ಬನೇ ಪೈಲಟ್ ಎಡಗಡೆಯ ಆಸನದಲ್ಲಿ ಕುಳಿತು ನಡೆಸುತ್ತಾನೆ. ಬಲಗಡೆಯ ಆಸನ ಬರಿದಾಗಿರುತ್ತದೆ. ಹಾರಾಟ ಕಲಿಯುತ್ತಿರುವ ಎಷ್ಟೋ ತರುಣ ತರುಣಿಯರ ಕಣ್ಣು ಆ ಆಸನದ ಮೇಲೆಯೇ.

ಇದಕ್ಕೆ ಕಾರಣವುಂಟು. ಆ ದೇಶದಲ್ಲಿ ಖಾಸಗಿ ಪೈಲಟ್ ಪರವಾನಗಿಗೆ ಕನಿಷ್ಠ 40 ಗಂಟೆಗಳ ಹಾರಾಟ ಸಾಕು. ಅದರ ಬಹುಭಾಗ ಹಗಲಿನಲ್ಲಿ, ತಿಳಿಯಾದ ಆಕಾಶದಲ್ಲಿ ಕಳೆಯುತ್ತದೆ. ವೃತ್ತಿಯ ಪರವಾನಗಿಗೆ ಸಾಮಾನ್ಯವಾಗಿ 250 ಗಂಟೆಗಳು ಬೇಕು. ಮೋಡದ ನಡುವೆ ಉಪಕರಣಗಳನ್ನೇ ನಂಬಿ ಇಂತಹ ಸರಕು ವಿಮಾನದ ಹೊಣೆ ಹೊರಲು 1,200 ಗಂಟೆಗಳಾಗಬೇಕು. ಮಧ್ಯದ ಈ ದೀರ್ಘ ದಾರಿಯ ಕೊನೆಯಲ್ಲಿ ತನಗಾಗಿ ಕಾದಿರುವ ಕೆಲಸ ಎಂತಹುದೆಂದು ಒಮ್ಮೆ ನೋಡಬೇಕೆಂಬ ಆಸೆ ಸಹಜವೇ.

ಆದರೆ ಕೇಳಿದವರಿಗೆಲ್ಲ ಆ ಆಸನ ದೊರೆಯುವುದಿಲ್ಲ. ಸರಕು ವಿಮಾನದಲ್ಲಿ ಯಾರು ಯಾರು ಕುಳಿತುಕೊಳ್ಳಬಹುದೆಂದು ಕಾನೂನು ಪಟ್ಟಿಮಾಡಿದೆ: ಕಂಪನಿಯ ನೌಕರರು, ಅಪಾಯಕರ ವಸ್ತುಗಳನ್ನು ನೋಡಿಕೊಳ್ಳುವವರು, ತಪಾಸಣೆಯ ಅಧಿಕಾರಿಗಳು ಮುಂತಾದವರು. ಸಾಗಿಸುವ ಪ್ರಾಣಿಗಳನ್ನು ಸಂಭಾಳಿಸುವವನಿಗೂ ಅಲ್ಲಿ ಸ್ಥಳವಿದೆ. ವಿದ್ಯಾರ್ಥಿಯ ಹೆಸರು ಮಾತ್ರ ಇಲ್ಲ! ಇದು ನನಗೆ ಮೊದಲು ನಿರ್ದಯವೆನಿಸಿತು. ಆದರೆ 1994ರ ಏಪ್ರಿಲಿನಲ್ಲಿ ಮೆಂಫಿಸ್‌ನಿಂದ ಹೊರಟ ಫೆಡೆಕ್ಸ್ ಸರಕು ವಿಮಾನದಲ್ಲಿ ಹೆಚ್ಚುವರಿಯಾಗಿ ಕುಳಿತಿದ್ದ ಅದೇ ಕಂಪನಿಯ ನೌಕರನೊಬ್ಬನು ಸುತ್ತಿಗೆಯಿಂದ ಚಾಲಕರ ಮೇಲೆರಗಿದನು. ತೀವ್ರವಾಗಿ ಗಾಯಗೊಂಡಿದ್ದರೂ ಅವರು ವಿಮಾನವನ್ನು ಹಿಂದಿರುಗಿಸಿ ಇಳಿಸಿದರು. 2001ರ ಸೆಪ್ಟೆಂಬರಿನ ದುರಂತದ ತರುವಾಯ ಚಾಲಕರ ಕೋಣೆಯ ಬಾಗಿಲು ಇನ್ನಷ್ಟು ಬಿಗಿಯಾಯಿತು. ಅಪರಿಚಿತನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹಿಂಜರಿಯುವವರನ್ನು ದೂರುವುದು ಹೇಗೆ?

ಕಾನೂನಿನಲ್ಲಿ ಒಂದು ಕಿಂಡಿಯುಂಟು. ಪಾರ್ಸೆಲು ತುಂಬುವ ಕೆಲಸಕ್ಕೆ ಸೇರಿದವನೂ ನೌಕರನೇ ಅಲ್ಲವೇ? ಕಂಪನಿಯೂ ಪೈಲಟ್ಟನೂ ಒಪ್ಪಿದರೆ ಅವನು ಹತ್ತಬಹುದು. ನಮ್ಮ ತಿದಿಯ ಹುಡುಗನಂತೆ ಇವನೂ ಮೊದಲು ಮೈ ಬಗ್ಗಿಸಿ ದುಡಿಯಬೇಕು.

ಅಂತಹ ಒಂದು ಚಳಿಗಾಲದ ರಾತ್ರಿಯನ್ನು ಊಹಿಸಿಕೊಳ್ಳಿರಿ. ಭಾರವೆಲ್ಲ ಹಿಂಭಾಗಕ್ಕೆ ಸೇರಿದರೆ ವಿಮಾನದ ಮೂಗು ಮೇಲೆದ್ದು ಹತೋಟಿ ತಪ್ಪಬಹುದೆಂದು ಹುಡುಗನು ಪುಸ್ತಕದಲ್ಲಿ ಓದಿರುತ್ತಾನೆ. ತಾನೇ ಹೊತ್ತು ತುಂಬಿದ ಪಾರ್ಸೆಲುಗಳ ತೂಕವನ್ನು ಪೈಲಟ್ ಎರಡನೆಯ ಸಲ ಕೂಡಿಸುವುದನ್ನು ಈಗ ನೋಡುತ್ತಾನೆ. ಏರುವಾಗಲೂ ಇಳಿಯುವಾಗಲೂ ಅನಾವಶ್ಯಕವಾದ ಮಾತು ಕೂಡದೆಂಬ ನಿಯಮ 1981ರಿಂದ ಇದೆ. ಆದುದರಿಂದ ಪ್ರಶ್ನೆಗಳನ್ನು ನಾಲಗೆಯ ತುದಿಯಲ್ಲಿಯೇ ತಡೆದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಾನೆ. ವಿಮಾನ ಮೋಡವನ್ನು ಹೊಕ್ಕೊಡನೆ ಒಳಗಿವಿ ಸುಳ್ಳು ಹೇಳತೊಡಗುತ್ತದೆ. ವಿಮಾನ ಓರೆಯಾಗಿ ತಿರುಗುತ್ತಿದ್ದರೂ ನೆಟ್ಟಗೆ ಹೋಗುತ್ತಿದೆಯೆಂದು ದೇಹ ಸಾಧಿಸುತ್ತದೆ. ಪೈಲಟ್ಟನ ಕಣ್ಣು ಮಾತ್ರ ಮುಳ್ಳುಗಳನ್ನು ಬಿಟ್ಟು ಕದಲದು. ರೆಕ್ಕೆಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ; ಅಲ್ಲಿರುವ ರಬ್ಬರಿನ ಪಟ್ಟಿಗಳು ಗಾಳಿಯಿಂದ ಉಬ್ಬಿ ಅದನ್ನು ಒಡೆಯುತ್ತವೆ; ಮತ್ತೆ ಕಟ್ಟುತ್ತದೆ. ಪೈಲಟ್ ಒಂದು ಗಳಿಗೆ ಯೋಚಿಸಿ, ರೇಡಿಯೋದಲ್ಲಿ ನಾಲ್ಕು ಮಾತನಾಡಿ, ಹತ್ತಿರದ ಬೇರೊಂದು ನಿಲ್ದಾಣದತ್ತ ತಿರುಗಿಸುತ್ತಾನೆ. ಪಾರ್ಸೆಲುಗಳು ತಡವಾಗಿ ತಲುಪುತ್ತವೆ. ಆ ಒಂದು ಗಳಿಗೆಯ ಮುಖವನ್ನು ಹುಡುಗನು ಹತ್ತಿರದಿಂದ ಕಂಡನಲ್ಲ, ಅದು ಯಾವ ತರಗತಿಯಲ್ಲಿಯೂ ಕಾಣಸಿಗದು.

ಬೆಳಗಿನ ಜಾವಕ್ಕೆ ವಿಮಾನ ಇಳಿಯುತ್ತದೆ. ಹುಡುಗನ ಹಾರಾಟದ ದಾಖಲೆಪುಸ್ತಕಕ್ಕೆ ಆ ರಾತ್ರಿಯಿಂದ ಒಂದು ನಿಮಿಷವೂ ಸೇರುವುದಿಲ್ಲ; ಬರಿದೆ ನೋಡಿದವನ ಗಂಟೆಗಳು ಲೆಕ್ಕಕ್ಕೆ ಬಾರವು. ಅವನು ಕೆಳಗಿಳಿದು, ಸರಕಿನ ಬಾಗಿಲು ತೆರೆದು, ಪಾರ್ಸೆಲುಗಳನ್ನು ಒಂದೊಂದಾಗಿ ಇಳಿಸತೊಡಗುತ್ತಾನೆ.