ಸಕ್ಕರೆ ಕಾಯಿಲೆ ಮತ್ತು ಹೃದಯದ ಬಡಿತ



ಸಕ್ಕರೆ ಕಾಯಿಲೆ ಅಂದ ಕೂಡಲೇ ನಮಗೆ ನೆನಪಾಗುವುದು ಮಾಯದ ಗಾಯ, ಮಂಜಾದ ಕಣ್ಣು. ಆದರೆ ಈ ಕಾಯಿಲೆ ಇರುವವರ ಜೀವಕ್ಕೆ ಹೆಚ್ಚಾಗಿ ಕುತ್ತು ತರುವುದು ಹೃದಯದ ತೊಂದರೆ. ಈ ಸಲ ಅದನ್ನು ತಿಳಿಯೋಣ.

ಬಡಿತದಲ್ಲಿ ಏರಿಳಿತ ಇರಬೇಕು

ಹೃದಯ ಗಡಿಯಾರದ ಹಾಗೆ ಒಂದೇ ಸಮ ಬಡಿಯುತ್ತದೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಉಸಿರು ಎಳೆದಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಈ ಸಣ್ಣ ಏರಿಳಿತ ಆರೋಗ್ಯದ ಗುರುತು. ಎದೆ ಡವಡವ ಅನ್ನುವುದು ಬೇರೆ, ಇದು ಬೇರೆ. ಇದನ್ನು ಇಸಿಜಿ ಯಂತ್ರದಿಂದ ಅಳೆಯುತ್ತಾರೆ.

ಏರಿಳಿತವನ್ನು ನೋಡಿಕೊಳ್ಳುವುದು ಹೃದಯಕ್ಕೆ ಬರುವ ನರಗಳು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ, ಪಾದದ ನರ ಕೆಟ್ಟು ಜೋಮು ಹಿಡಿಯುವ ಹಾಗೆ, ಈ ನರಗಳೂ ಕೆಡುತ್ತವೆ. ಏರಿಳಿತ ಕಡಿಮೆಯಾಗುತ್ತದೆ. ಅಂಥವರಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಕಾಯಿಲೆಯ ಅಂಚಿನಲ್ಲಿ ಇರುವವರಲ್ಲೂ ಇದು ಶುರುವಾಗಿರಬಹುದು.

ನೋವಿಲ್ಲದ ಹೃದಯಾಘಾತ

ನರ ಕೆಟ್ಟವರಿಗೆ ಹೃದಯಾಘಾತ ಆದರೂ ಎದೆನೋವು ಬಾರದೇ ಇರಬಹುದು. ಕಾರಣವಿಲ್ಲದೆ ಬೆವರುವುದು, ಏದುಸಿರು, ವಾಕರಿಕೆ, ವಿಪರೀತ ಸುಸ್ತು, ದವಡೆ ಅಥವಾ ಬೆನ್ನಿನಲ್ಲಿ ನೋವು ಮಾತ್ರ ಕಾಣಬಹುದು. "ಗ್ಯಾಸ್ಟ್ರಿಕ್ ಇರಬೇಕು" ಅಂತ ಸೋಡಾ ಕುಡಿದು ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಸಕ್ಕರೆ ಕಾಯಿಲೆ ಇದೆ ಅಂತ ಮೊದಲೇ ಹೇಳಿ.

ಸುಮ್ಮನೆ ಕೂತಾಗಲೂ ನಾಡಿ ನಿಮಿಷಕ್ಕೆ 100ಕ್ಕಿಂತ ಹೆಚ್ಚಿದ್ದರೆ, ಎದ್ದು ನಿಂತ ಕೂಡಲೇ ತಲೆ ತಿರುಗಿದರೆ ಡಾಕ್ಟರಿಗೆ ತೋರಿಸಿ. ರಕ್ತಹೀನತೆಯಿಂದಲೂ ಹೀಗಾಗಬಹುದು. ಪರೀಕ್ಷೆಯಿಂದಲೇ ಗೊತ್ತಾಗಬೇಕು.

ನಾವು ಏನು ಮಾಡಬಹುದು?

1. 30 ವರ್ಷ ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ಪರೀಕ್ಷಿಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ರಿಂದ 125 ಇದ್ದರೆ ಅಂಚಿನಲ್ಲಿದ್ದೇವೆ ಎಂದರ್ಥ. 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು.

2. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮನೆಗೆಲಸವೇ ಸಾಕು ಅನ್ನಬೇಡಿ.

3. ತಟ್ಟೆಯಲ್ಲಿ ಅನ್ನ ಕಡಿಮೆ, ಸೊಪ್ಪು, ತರಕಾರಿ, ಕಾಳು ಹೆಚ್ಚು ಇರಲಿ. ಚಹಾಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಪ್ರಯೋಜನವಿಲ್ಲ.

4. ಎಲೆಅಡಿಕೆ ಜೊತೆ ಹೊಗೆಸೊಪ್ಪು ಬಿಡಿ.

5. ಮಾತ್ರೆಯನ್ನು ನಾವೇ ನಿಲ್ಲಿಸುವುದು ಬೇಡ.

ಇದರಿಂದ ಫಲ ಉಂಟೇ? ಉಂಟು. ಅಂಚಿನಲ್ಲಿದ್ದ ಭಾರತೀಯರ ಮೇಲೆ ಚೆನ್ನೈಯ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಸುಮಾರು ಮೂರು ವರ್ಷದೊಳಗೆ 100ಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ ಬಂದದ್ದು 39 ಮಂದಿಗೆ.

ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದಲ್ಲಿ ಎಷ್ಟು ಮಂದಿ ಈ ವರ್ಷ ಸಕ್ಕರೆ ಪರೀಕ್ಷೆ ಮಾಡಿಸಿದ್ದೇವೆ?
• ಉಳಿದವರನ್ನು ಯಾವ ದಿನ, ಯಾರು ಕರೆದುಕೊಂಡು ಹೋಗುತ್ತೀರಿ? ನಿರ್ಣಯ ಪುಸ್ತಕದಲ್ಲಿ ಬರೆಯಿರಿ.