ಕರಾವಳಿಯ ಕಂಪನಿ ಕಾಸಿಗೆ ಬೆಲೆ ಎಷ್ಟು?

ಬೆಳಂಬಾರ, ಅಂಕೋಲಾ, ಕಾರವಾರದ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಉಳಿದಿರುವ ತಾಮ್ರದ ನಾಣ್ಯಗಳೆಲ್ಲ ಒಂದೇ ಸರ್ಕಾರದವು ಆಗಿರಬೇಕೆಂದಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು; 1862ರಲ್ಲಿ ಅದರ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಗಡಿಯಾಚೆಯ ಗೋವೆಯಲ್ಲಿ ಪೋರ್ಚುಗೀಸರ ಟಂಗಾ ನಾಣ್ಯ ನಡೆಯುತ್ತಿತ್ತು. ಹೀಗಾಗಿ ನಗರ ಎಂಬ ಊರಿನ ಟಂಕಸಾಲೆಯಲ್ಲಿ ಅಚ್ಚಾದ ಟಿಪ್ಪುವಿನ ಆನೆ ಪೈಸೆ, ಮದ್ರಾಸಿನ ಇಪ್ಪತ್ತು ಕಾಸು, ತಕ್ಕಡಿ ಚಿತ್ರದ ಮುಂಬಯಿ ಪೈಸೆ ಮೂರೂ ಒಂದೇ ಡಬ್ಬಿಯಲ್ಲಿ ಸಿಗಬಹುದು. ಸಂಗ್ರಹ ಆರಂಭಿಸುವವರಿಗೆ ಇದಕ್ಕಿಂತ ಒಳ್ಳೆಯ ನೆಲ ಅಪರೂಪ.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರಾಂತ್ಯಗಳಿಗೆಲ್ಲ ಒಂದೇ ನಾಣ್ಯಪದ್ಧತಿ ತಂದಿತು. ಮೂರು ಪೈಗೆ ಒಂದು ಕಾಲಾಣೆ, ನಾಲ್ಕು ಕಾಲಾಣೆಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ಕಾಲಾಣೆಯ ತೂಕ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ. ರೂಪಾಯಿಗೆ ಅಂಥವು 64. ಒಟ್ಟು 415 ಗ್ರಾಂನಷ್ಟು ತಾಮ್ರ. ಆದರೆ ತಾಮ್ರವನ್ನು ರೂಪಾಯಿಯೊಳಗಿನ ಚಿಲ್ಲರೆಗಷ್ಟೇ ಕಾನೂನುಬದ್ಧವಾಗಿ ಕೊಡಬಹುದಿತ್ತು. ದೊಡ್ಡ ಲೆಕ್ಕ ತೀರಿಸಲು ಬೆಳ್ಳಿಯೇ ಬೇಕು. ಕಾಲಾಣೆಗೆ ಚಲಾವಣೆ ಕೊಟ್ಟದ್ದು ಅದರ ಲೋಹವಲ್ಲ, ಅದರ ಮೇಲಿದ್ದ ಕಂಪನಿಯ ಹೆಸರು. 1906ರಲ್ಲಿ ಕಾಲಾಣೆಗೆ ತಾಮ್ರದ ಬದಲು ಕಂಚು ಬಂತು, ತೂಕವೂ ಇಳಿಯಿತು.

ಈಗಿನ ಬೆಲೆಗೆ ವಯಸ್ಸು ಆಧಾರವಲ್ಲ. ಈ ಅಂಕಣಕಾರರ ಬೆಳಂಬಾರದ ಸಂಗ್ರಹದಲ್ಲಿಯೂ ಹೆಚ್ಚಿನವು 1835ರ ಕಾಲಾಣೆಗಳೇ. ಅಪಾರ ಸಂಖ್ಯೆಯಲ್ಲಿ ಅಚ್ಚಾದವು, ಆದ್ದರಿಂದ ಸವೆದ ಪ್ರತಿಗಳಿಗೆ ಇಂದಿಗೂ ಅಲ್ಪ ಬೆಲೆ. 1808ರ ಇಪ್ಪತ್ತು ಕಾಸಿನ ಕಥೆ ಇನ್ನೂ ಸ್ಪಷ್ಟ. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ ತಯಾರಾಗಿ ಮದ್ರಾಸಿಗೆ ಹೊರಟಿದ್ದ ಈ ನಾಣ್ಯಗಳನ್ನು ಹೊತ್ತ ಅಡ್ಮಿರಲ್ ಗಾರ್ಡ್ನರ್ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳುದಿಬ್ಬಕ್ಕೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅವನ್ನು ಲಕ್ಷಗಟ್ಟಲೆ ಮೇಲೆತ್ತಿದರು. ಇನ್ನೂರು ವರ್ಷದ ನಾಣ್ಯ ಈಗ ಸಾಮಾನ್ಯರ ಕೈಗೆಟಕುವಂತಿರುವುದು ಅದರಿಂದ. ಅಕ್ಷರ ಮಾಸದ, ಅಂಚು ಸವೆಯದ ಪ್ರತಿಗೆ ಮಾತ್ರ ಒಳ್ಳೆಯ ಹಣ ಸಿಗುತ್ತದೆ.

ಆ ಸ್ಥಿತಿಯನ್ನು ಕೆಡಿಸುವುದು ಬಹುಪಾಲು ಮನೆಯವರೇ. ಹಂಡೆ, ಬಿಂದಿಗೆಗಳಂತೆ ನಾಣ್ಯವನ್ನೂ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಕಂದು ಪದರ ಹೋಗಿ ನಾಣ್ಯ ಫಳಫಳಿಸುತ್ತದೆ, ಬೆಲೆ ಕುಸಿಯುತ್ತದೆ. ಉಪ್ಪುಗಾಳಿಯ ಊರಿನಲ್ಲಿ ನಿಜವಾದ ಶತ್ರು ಹಸಿರು ಕಿಲುಬು. ಒಣ ಕಾಗದದ ಲಕೋಟೆ, ತೇವ ಹೀರುವ ಸಿಲಿಕಾ ಜೆಲ್, ಬಿಗಿ ಮುಚ್ಚಳದ ಡಬ್ಬಿ ಇಷ್ಟು ಸಾಕು. ಪಿವಿಸಿ ಹಾಳೆಯ ಆಲ್ಬಂ ಬೇಡ.

ಖೋಟಾ ಸರಕಿನಲ್ಲಿ ಹೆಚ್ಚು ಹಾನಿ ಮಾಡುವುದು 1818ರ ಇಸವಿ, ಕಂಪನಿಯ ಹೆಸರು, ರಾಮ ಅಥವಾ ಹನುಮಂತನ ಚಿತ್ರವಿರುವ ಬಿಲ್ಲೆ. ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ; ಇವು ಬಹಳ ಈಚೆಗೆ ಮಾರಾಟಕ್ಕೆಂದೇ ಮಾಡಿದವು. ಇವಕ್ಕೆ ಲಕ್ಷಗಳ ಆಸೆ ತೋರಿಸಿ ಮುಂಗಡ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬಾರದು. ಹಳೆಯ ನಾಣ್ಯ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ.

ತೋಟ ಅಗೆಯುವಾಗ ನಾಣ್ಯಗಳ ಗಡಿಗೆ ಸಿಕ್ಕರೆ ಅದು ನಿಧಿ, ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಮನೆಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ.